ಹೊತ್ತು ತರಲಾಗದ ಗೋಡೆ

ಕಾರವಾರದ ಕಡೆಯ ಹಳೆಯ ಮನೆಗಳಲ್ಲಿ ಮಳೆಗಾಲಕ್ಕೆ ಮುಂಚೆ ಗೋಡೆಗಳನ್ನು ಬರಿದು ಮಾಡುವ ರೂಢಿಯಿತ್ತು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಊರು. ಜೂನ್ ಕಳೆಯುವುದರೊಳಗೆ ಚಿರೆಕಲ್ಲಿನ ಗೋಡೆ ಬೆವರತೊಡಗುತ್ತದೆ, ಪಟಗಳ ಬೆನ್ನಿಗೆ ಬೂಷ್ಟು ಹಿಡಿಯುತ್ತದೆ. ಶಿರವಾಡದ ನಮ್ಮ ಮನೆಯಲ್ಲಿ ಈ ಕೆಲಸ ಅಜ್ಜಿಯದು. ಜಗಲಿಯ ಪಟಗಳನ್ನೆಲ್ಲ ಇಳಿಸಿ, ಗಾಜು ಒರೆಸಿ, ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟಕ್ಕೇರಿಸುತ್ತಿದ್ದಳು. ಚೌತಿಗೆ ಮನೆ ಸಾರಿಸಿದ ಮೇಲೆಯೇ ಅವು ಕೆಳಗಿಳಿಯುತ್ತಿದ್ದವು. ಯಾವ ಮೊಳೆಗೆ ಯಾವ ಪಟ ಎಂಬುದು ಅವಳಿಗೆ ಬಾಯಿಪಾಠ. ಮೊಳೆ ತಪ್ಪಿದರೆ ಊಟಕ್ಕೆ ಕೂತವಳೂ ಎದ್ದು ಬಂದು ಸರಿಪಡಿಸುತ್ತಿದ್ದಳು.

ಅವುಗಳಲ್ಲಿ ಹೆಚ್ಚಿನವು ಮುಂಬಯಿಯಿಂದ ಬಂದವು. ಉತ್ತರ ಕನ್ನಡ 1862ರಲ್ಲಿ ಮದ್ರಾಸನ್ನು ಬಿಟ್ಟು ಮುಂಬಯಿ ಪ್ರಾಂತಕ್ಕೆ ಸೇರಿತು. 1956ರ ತನಕ ನಮ್ಮವರ ಕಚೇರಿ, ನೌಕರಿ, ಕನಸು ಎಲ್ಲಕ್ಕೂ ಮುಂಬಯಿಯೇ ದಿಕ್ಕು. ದುಡಿಯಲು ಹೋದವರು ಆಗಬೋಟಿನಲ್ಲಿ (ಉಗಿಹಡಗಿನಲ್ಲಿ) ಮರಳುವಾಗ ಒಂದು ಗಡಿಯಾರವನ್ನೋ ಕನ್ನಡಿಯನ್ನೋ ರವಿವರ್ಮನ ಪಟವನ್ನೋ ಬಗಲಿಗಿಟ್ಟುಕೊಂಡು ಬರುತ್ತಿದ್ದರು. ರವಿವರ್ಮ 1894ರಲ್ಲಿ ಮುದ್ರಣಾಲಯ ತೆರೆದದ್ದು ಮುಂಬಯಿಯಲ್ಲೇ. ಆಮೇಲೆ ಅದು ಲೋಣಾವಳೆಯ ಹತ್ತಿರದ ಮಳವಲಿಗೆ ಹೋಯಿತು. ಅದರ ಲಕ್ಷ್ಮಿ, ಸರಸ್ವತಿಯರು ಕರಾವಳಿಯ ಮನೆಮನೆಗೂ ಬಂದು ನೆಲೆಸಿದರು. ನಮ್ಮ ಲಕ್ಷ್ಮಿಯ ಸೀರೆಗೆ ಅಜ್ಜಿ ತಾನೇ ಜರಿಯೆಳೆ, ಟಿಕಲಿಗಳನ್ನು ಹೊಲಿದಿದ್ದಳು. ಬರಿಯ ಕಾಗದದ ದೇವಿಗೆ ಸೀರೆ ಉಡಿಸುವುದು ಆ ಕಾಲದ ಹೆಂಗಸರ ಪ್ರೀತಿಯ ಕೆಲಸ. ಸಂಜೆ ದೀಪ ಹಚ್ಚಿದಾಗ ಸೆರಗಿನ ಅಂಚು ಮಾತ್ರ ಬೆಳಗುತ್ತಿತ್ತು.

ಅದರ ಪಕ್ಕದಲ್ಲಿ ನನ್ನ ಮಾವಶಿ ಮದುವೆಗೆ ಮೊದಲು ಮಾಡಿದ ಮಣಿಯ ಪಟ. ಕಪ್ಪು ಮಖಮಲ್ಲಿನ ಮೇಲೆ ಎದುರುಬದುರು ಕೂತ ಎರಡು ಹಸಿರು ಗಿಳಿ, ನಡುವೆ ಹೂಬುಟ್ಟಿ, ಕೆಳಗೆ ‘ಸುಸ್ವಾಗತ’. ಗಿಳಿಗಳ ಕಣ್ಣು ನೀಲಿ. ಚಿಕ್ಕವನಿದ್ದಾಗ ನನಗೆ ಅದೇ ದೊಡ್ಡ ಸೋಜಿಗ.

“ಮಾವಶಿ, ಗಿಳಿಗೆ ನೀಲಿ ಕಣ್ಣು ಯಾಕೆ?”

“ಕಪ್ಪು ಮಣಿ ತೀರಿಹೋಗಿತ್ತು ಮಗಾ. ಮುಂಬಯಿಯಿಂದ ತರಿಸೋಣ ಅಂದ್ರೆ ಮಳೆಗಾಲ, ಆಗಬೋಟು ಬಂದ್. ನನ್ನ ಮದುವೆ ತಡೀತದಾ?”

ಮಾವಶಿ ಈಗಿಲ್ಲ. ಆ ನೀಲಿ ಕಣ್ಣುಗಳು ನನ್ನ ಮನೆಯಲ್ಲಿವೆ. ಆ ಪಟವನ್ನು ಯಾರು ಒಯ್ಯಬೇಕೆಂದು ಅಣ್ಣತಮ್ಮಂದಿರ ಮಕ್ಕಳಲ್ಲಿ ಸಣ್ಣ ವಾದವೇ ನಡೆದಿತ್ತು. ಮಾರಲು ಹೋದರೆ ನೂರು ರೂಪಾಯಿಯೂ ಹುಟ್ಟದ ವಸ್ತು. ಆದರೂ ಅವಳ ಒಂದು ಮಳೆಗಾಲ ಅದರಲ್ಲಿ ಹೊಲಿದು ಕೂತಿದೆ, ಬೇಡವೆನ್ನುವವರು ಯಾರು?

ನನಗೆ ನಿಜವಾಗಿ ಸಂಕಟವಾಗುವುದು ಇನ್ನೊಂದನ್ನು ನೆನೆದಾಗ. ಮಾಜಘರದ, ಅಂದರೆ ನಡುಮನೆಯ, ಬಾಗಿಲ ನೆತ್ತಿಗೆ ಮೊಳದಗಲದ ಕೆಂಪು–ಬಿಳಿ ಪಟ್ಟಿಯೊಂದಿತ್ತು. ನಡುವೆ ಒಂದು ಹೂವಿನ ಚಕ್ರ, ಎರಡೂ ಕಡೆ ಒಂದೊಂದು ಹಂಸ, ಸುತ್ತ ಬಳ್ಳಿ. ಅಂಗಳದ ತುಳಸಿಕಟ್ಟೆಯ ನಾಲ್ಕೂ ಮೈಗೆ ಅದೇ ಕೆಲಸ. ಇದೇ ಕಾವಿ. ಗೋವೆಯಿಂದ ಹೊನ್ನಾವರದ ಕಡೆಯವರೆಗೆ ದೇವಸ್ಥಾನಗಳಲ್ಲಿ, ಹಳೆಯ ಮನೆಗಳಲ್ಲಿ ಬೆಳೆದ ಕಲೆ. ಚಿಪ್ಪು ಸುಟ್ಟು ಮಾಡಿದ ಸುಣ್ಣಕ್ಕೆ ತೊಳೆದ ಹೊಳೆಮರಳು, ಬೆಲ್ಲ ಸೇರಿಸಿ ಕೊಳೆಯಿಟ್ಟು ಕುಟ್ಟಿ ಗಾರೆ ಮಾಡಬೇಕು. ಗೋಡೆಗೆ ಹಚ್ಚಿದ ಬಿಳಿ ಗಾರೆ ಹಸಿಯಿರುವಾಗಲೇ ಮೇಲೆ ಹುರುಮಂಜಿಯ ಕೆಂಪು ಪದರ ಕೊಡಬೇಕು. ಅದು ಒಣಗುವ ಮೊದಲು ಉಕ್ಕಿನ ಮೊನೆಯಿಂದ ಕೆರೆದು ಒಳಗಿನ ಬಿಳುಪನ್ನು ಹೊರಗೆ ತೆಗೆಯಬೇಕು. ತಪ್ಪಿದ ಗೆರೆಯನ್ನು ಅಳಿಸುವಂತಿಲ್ಲ.

ಆ ಹೂವಿನ ನಟ್ಟನಡುವೆ ಒಂದು ತೂತು ಇತ್ತು, ಹಿಡಿಕಡ್ಡಿಯ ತುದಿ ಹಿಡಿಸುವಷ್ಟು. ಕೆಲಸದವನು ಕೈವಾರದ ಕಾಲು ಊರಿದ ಜಾಗ. ಏಣಿ ಹತ್ತಿದಾಗೆಲ್ಲ ನಾನು ಅದನ್ನು ಉಗುರಿನಿಂದ ಮುಟ್ಟಿ ನೋಡುತ್ತಿದ್ದೆ. ಯಾರ ಕೈ ಅದು, ಯಾವ ಊರಿನವನು, ಅಜ್ಜಿಗೂ ತಿಳಿಯದು. ಅವಳು ಮದುಮಗಳಾಗಿ ಹೊಸ್ತಿಲು ದಾಟುವಾಗಲೇ ಹಂಸಗಳು ಅಲ್ಲಿದ್ದವಂತೆ. ಮನೆಗೆ ಸುಣ್ಣ ಬಳಿಯುವ ದಿನ ಆ ಬಾಗಿಲ ಬಳಿ ಅವಳೇ ನಿಂತು, ಕುಂಚ ಪಟ್ಟಿಗೆ ತಾಗದಂತೆ ಕಾಯುತ್ತಿದ್ದಳು. ಮಳೆಗಾಲದಲ್ಲಿ ಇಳಿಸಬೇಕಾಗಿಲ್ಲದ, ಅಟ್ಟ ಬೇಡದ ಒಂದೇ ಅಲಂಕಾರ ಅದು. ಈ ಊರಿನ ತೇವಕ್ಕೆ ಹೆದರದ ಹಾಗೆ ಈ ಊರಿನದೇ ಚಿಪ್ಪು, ಮರಳು, ಮಣ್ಣಿನಿಂದ ಹುಟ್ಟಿತ್ತು.

ಕಾರವಾರವೆಂದು ಫಲಕ ಹೊತ್ತ ರೈಲು ನಿಲ್ದಾಣ ಇರುವುದು ಶಿರವಾಡದಲ್ಲಿ. ಕೊಂಕಣ ರೈಲುಮಾರ್ಗ 1998ರ ಜನವರಿ 26ರಂದು ಪೂರ್ತಿಯಾಗಿ ತೆರೆಯಿತು. ಆಗಬೋಟಿಗೆ ಕಾಯುತ್ತಿದ್ದ ಊರು ರಾತ್ರಿ ಹತ್ತಿ ಬೆಳಿಗ್ಗೆ ಮುಂಬಯಿಯಲ್ಲಿ ಇಳಿಯುವಂತಾಯಿತು. ನಿಲ್ದಾಣದ ಆಸುಪಾಸಿನ ನೆಲಕ್ಕೆ ಬೆಲೆ ಬಂತು. ಅಜ್ಜಿ ಹೋದ ಮೇಲೆ ಮನೆ ಪಾಲಾಯಿತು, ಮಾರಾಟವಾಯಿತು. ಕೆಡವುವ ಮೊದಲು ನನ್ನಪ್ಪ ಒಬ್ಬ ಗಾರೆಯವನನ್ನು ಕರೆಸಿ, ಪಟ್ಟಿಯನ್ನು ಇಡಿಯಾಗಿ ಬಿಡಿಸಬಹುದೇ ಎಂದು ಕೇಳಿದರು. ಅವನು ಬೆರಳಿನ ಗೆಣ್ಣಿನಿಂದ ಎರಡು ಕಡೆ ತಟ್ಟಿ ನೋಡಿದ. “ಇದು ಗೋಡೆಗೇ ಹುಟ್ಟಿದ್ದು ರಾಯರೆ. ತೆಗೆದ್ರೆ ಪುಡಿಯಾಗ್ತದೆ” ಎಂದ.

ಮೊಳೆಗೆ ತೂಗಿದ್ದೆಲ್ಲ ಬದುಕಿತು. ಲಕ್ಷ್ಮಿ ಬೆಂಗಳೂರಿಗೆ ಹೋದಳು, ಗಡಿಯಾರ ಡೊಂಬಿವಲಿಗೆ, ಗಿಳಿಗಳು ನನ್ನಲ್ಲಿಗೆ. ಹೊರಗಿನಿಂದ ಬಂದವು ನಮ್ಮೊಡನೆ ಹೊರಟವು. ಇಲ್ಲಿಯದೇ ಆಗಿದ್ದದ್ದು ಜೆಸಿಬಿಯ ಬಾಯಿಗೆ ಹೋಯಿತು. ಮನೆಯ ಮಣ್ಣನ್ನು ಯಾವುದೋ ಗದ್ದೆ ತುಂಬಿಸಲು ಲಾರಿಯಲ್ಲಿ ಒಯ್ದರು. ಅಪ್ಪ ಕೆಂಪು ಚೂರೊಂದನ್ನು ಎತ್ತಿಟ್ಟುಕೊಂಡಿದ್ದರು. ಊರಿಂದೂರಿಗೆ ಸಾಗಿಸುವಾಗ ಅದೂ ಉದುರಿಹೋಯಿತು.

ಆ ಪಟ್ಟಿಯ ಒಂದು ಫೋಟೋ ಕೂಡ ನಮ್ಮಲ್ಲಿಲ್ಲ. ಮದುವೆಯ ಫೋಟೋಗಳಲ್ಲಿ ಮದುಮಕ್ಕಳ ತಲೆಯ ಮೇಲೆ ಹಂಸದ ಕಾಲಿನಷ್ಟು ಮಾತ್ರ ಕಾಣುತ್ತದೆ. ಹೊನ್ನಾವರದಲ್ಲಿ ಹುಟ್ಟಿದ ಕೃಷ್ಣಾನಂದ ಕಾಮತರು (1934–2002) ಕಾವಿಯ ಬೆನ್ನು ಹತ್ತಿ ಚಿತ್ರ ತೆಗೆದರು, ಬರೆದರು. ಅಂಥವರು ಇಲ್ಲದಿದ್ದರೆ ಆ ಕಲೆಯ ಹೆಸರೂ ನಮಗೆ ಉಳಿಯುತ್ತಿತ್ತೋ ಇಲ್ಲವೋ. ಜೀರ್ಣೋದ್ಧಾರದ ಹೆಸರಿನಲ್ಲಿ ದೇವಸ್ಥಾನಗಳಲ್ಲೇ ಎಷ್ಟೋ ಕಾವಿ ಚಿತ್ರಗಳು ಸಿಮೆಂಟು, ಟೈಲ್ಸುಗಳ ಅಡಿಗೆ ಸೇರಿವೆ. ಮನೆಗಳದ್ದನ್ನು ಕೇಳುವವರೇ ಇಲ್ಲ.

ಕಾರವಾರ, ಅಂಕೋಲೆಯ ಕಡೆ ನಿಮ್ಮ ಅಜ್ಜನ ಮನೆಯ ಬಾಗಿಲ ಮೇಲೋ ತುಳಸಿಕಟ್ಟೆಯ ಮೈಮೇಲೋ ಇಂಥ ಕೆಂಪು–ಬಿಳಿ ಗೆರೆಗಳು ಉಳಿದಿದ್ದರೆ, ಅವುಗಳ ಮೇಲೆ ಆಯಿಲ್ ಪೇಂಟು ಬಳಿಸಬೇಡಿ. ಮನೆ ಕೆಡವಲೇಬೇಕಾಗಿ ಬಂದರೆ, ಅದಕ್ಕೆ ಮೊದಲು ಹಗಲು ಬೆಳಕಿನಲ್ಲಿ ಹತ್ತಿರ ನಿಂತು ಫೋಟೋ ತೆಗೆಯಿರಿ. ತೆಳುಕಾಗದವಿಟ್ಟು ಪೆನ್ಸಿಲಿನಿಂದ ಗೆರೆಗಳನ್ನು ತಿದ್ದಿ ಎತ್ತಿಕೊಳ್ಳಿ. ಒಂದು ಮಧ್ಯಾಹ್ನ ಸಾಕು.