ಹಳೆಯ ಯಂತ್ರಕ್ಕೆ ತಕ್ಕ ಆವೃತ್ತಿ

ಮಸಿನಗುಡಿಯ ಆ ಮನೆಗೆ ಲ್ಯಾಪ್‌ಟಾಪ್ ಬಂದದ್ದು 2012ರಲ್ಲಿ. ತಾಯಿಯಿಂದ ಕೇಳಿದ್ದ ಕಥೆ, ಗಾದೆ, ಸೋಬಾನೆ ಹಾಡುಗಳನ್ನು ಬೆರಳಚ್ಚಿಸಿಡಬೇಕೆಂಬ ಒಂದೇ ಹಂಬಲದಿಂದ ತಾತ ಅದನ್ನು ಕೊಂಡಿದ್ದರು. ಈಗ ಅದು ಮೊಮ್ಮಗಳದು. ಕಲ್ಹಟ್ಟಿಯ 36 ತಿರುವುಗಳನ್ನು ಏರಿ ಉದಕಮಂಡಲದ ಕಾಲೇಜಿಗೆ ಹೋಗುವ ಆಕೆಗೆ ಹೊಸದನ್ನು ಕೊಳ್ಳುವ ಅನುಕೂಲವಿರಲಿಲ್ಲ.

ಯಂತ್ರ ಗಟ್ಟಿಯಾಗಿಯೇ ಇತ್ತು. ಅದನ್ನು ನಡೆಸುವ ವ್ಯವಸ್ಥೆಗೆ ಮಾತ್ರ ವಯಸ್ಸಾಗಿತ್ತು. ಮೊದಲಿದ್ದ ವಿಂಡೋಸ್ 7ಕ್ಕೆ ಸುರಕ್ಷತಾ ಪರಿಷ್ಕರಣೆಗಳು 2020ರ ಜನವರಿ 14ರಂದೇ ನಿಂತಿದ್ದವು. ಆಮೇಲೆ ಹಾಕಿಸಿದ ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಸುರಕ್ಷತಾ ಸೌಲಭ್ಯವನ್ನೂ ಹೊಸ ಪೀಳಿಗೆಯ ಪ್ರೊಸೆಸರನ್ನೂ ಬೇಡುತ್ತದೆ. ಇದರಲ್ಲಿ ಅವೆರಡೂ ಇಲ್ಲ. ಉಳಿದದ್ದು ಲಿನಕ್ಸ್. ಅದರಲ್ಲಿಯೂ ಹತ್ತಾರು ಬಗೆ. ಲಿನಕ್ಸ್ ಮಿಂಟ್ 22ರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಗೆ ಎರಡು ಜಿಬಿ ರ‍್ಯಾಮ್ ಇದ್ದರೂ ಸಾಕು, ಈ ಯಂತ್ರದಲ್ಲಿ ನಾಲ್ಕಿದೆ. ಪರಿಷ್ಕರಣೆಗಳು 2029ರ ಏಪ್ರಿಲ್‌ವರೆಗೆ ದೊರೆಯುತ್ತವೆ. ಆಕೆಯ ಮನಸ್ಸು ಅಲ್ಲಿಗೆ ನಿಂತಿತು.

ಮೊದಲು ಪೆನ್‌ಡ್ರೈವಿನಿಂದಲೇ ಅದನ್ನು ಓಡಿಸಿ ನೋಡಿದಳು. ವೈಫೈ ದೊರೆಯಿತು, ಧ್ವನಿ ಕೇಳಿಸಿತು. ತಾತನ ಕಡತವನ್ನು ತೆರೆದಾಗ ಮಾತ್ರ ಎದೆ ಧಸಕ್ಕೆಂದಿತು. ಪರದೆಯ ಮೇಲೆ ಒಂದೇ ಒಂದು ಕನ್ನಡ ಅಕ್ಷರವಿಲ್ಲ. ಬರೀ ರೋಮನ್ ಅಕ್ಷರಗಳು, ಅರ್ಥವಿಲ್ಲದ ಚಿಹ್ನೆಗಳು. ಹಳೆಯ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ರೂಪಗಳನ್ನು ಕೂರಿಸುತ್ತಿದ್ದವು. ಆ ಫಾಂಟು ಇಲ್ಲದಲ್ಲಿ ಬರಹವೂ ಇಲ್ಲ. ಯೂನಿಕೋಡ್‌ನಲ್ಲಿ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇರುವುದರಿಂದ ಆ ತೊಡಕಿಲ್ಲ.

ವಿಂಡೋಸನ್ನು ಅಳಿಸುವ ಕೆಲಸವನ್ನು ಆಕೆ ಅಂದೇ ಮುಂದೂಡಿದಳು. ಹದಿನೈದು ದಿನ ಸಂಜೆ ಒಂದೊಂದಾಗಿ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿದಳು. ಪರಿವರ್ತಕವೂ ಅಲ್ಲಲ್ಲಿ ಎಡವುತ್ತಿತ್ತು. ಅರ್ಕಾವತ್ತು ಜಾಗ ತಪ್ಪಿ ಪದಗಳೇ ಕೆಡುತ್ತಿದ್ದವು. ತಾತ ತಮ್ಮ ಕೈಬರಹದ ನೋಟುಪುಸ್ತಕ ಹಿಡಿದು ಪಕ್ಕದಲ್ಲಿ ಕುಳಿತು ತಿದ್ದಿಸಿದರು.

“ಇಷ್ಟೆಲ್ಲ ಯಾಕೆ ಮಗೂ? ಪುಸ್ತಕ ಇದೆಯಲ್ಲ.”

“ಪುಸ್ತಕದಲ್ಲಿ ಅರ್ಧವೇ ಇದೆ ತಾತ. ಮಿಕ್ಕದ್ದನ್ನು ನೀವು ನೇರವಾಗಿ ಇದರಲ್ಲೇ ಬರೆದಿದ್ದೀರಿ.”

ತಾತ ಪುಟ ತಿರುವಿ ನೋಡಿ ಸುಮ್ಮನಾದರು. ಮರುಸಂಜೆ ಆಕೆಗಿಂತ ಮೊದಲೇ ಬಂದು ಕುಳಿತಿದ್ದರು.

ಎರಡು ಪೆನ್‌ಡ್ರೈವುಗಳಲ್ಲಿ ಪ್ರತಿ ತೆಗೆದಿಟ್ಟ ಬಳಿಕವೇ ಮಿಂಟ್ ಸ್ಥಾಪನೆಯಾಯಿತು. ಯಾವ ಆವೃತ್ತಿ ಹೊಸದು, ಯಾವುದು ವೇಗದ್ದು ಎಂದು ಎಲ್ಲರೂ ಕೇಳುತ್ತಾರೆ. ಒಳಗೆ ಏನಿದೆ, ನಾಳೆ ಅದನ್ನು ಓದಲಾಗುವುದೇ ಎಂಬ ಪ್ರಶ್ನೆ ಅದಕ್ಕೂ ಮೊದಲಿನದು. ಅದನ್ನು ಮರೆತಿದ್ದರೆ ಅರ್ಧ ತಾಸಿನ ಸ್ಥಾಪನೆಯಲ್ಲಿ ಮುತ್ತಜ್ಜಿಯ ಮಾತುಗಳು ಅಳಿಸಿಹೋಗುತ್ತಿದ್ದವು.

ನುಡಿಗೆ ಆಧಾರವಾದ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲಿಯೂ ದೊರೆಯುತ್ತದೆ. ತಾತನ ಬೆರಳುಗಳು ಹೊಸದಾಗಿ ಏನನ್ನೂ ಕಲಿಯಬೇಕಾಗಲಿಲ್ಲ. ಮರೆತಿದ್ದ ಗಾದೆಯೊಂದನ್ನು ಅವರು ಅಂದೇ ಸೇರಿಸಿದರು.