ಮುಂದಕ್ಕೆ ಹಾಕುವ ಸುಖ

ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ನಿಘಂಟು ಓದುವ ಚಟ ನನ್ನದು. ಕೆಲವರಿಗೆ ಎಲೆಯಡಿಕೆ ಬೇಕು, ನನಗೆ ಒಂದೆರಡು ಪದ ಸಾಕು. ಅದರಲ್ಲೂ ಇಂಗ್ಲಿಷಿನ 'ಪುಟ್' ಸಿಕ್ಕರೆ ಪುಟಗಟ್ಟಲೆ ಜಗಿಯಬಹುದು. ಬಾಲಕ್ಕೆ 'ಆನ್' ಸಿಕ್ಕಿಸಿದರೆ ಅಂಗಿ ಮೈಮೇಲೆ ಬರುತ್ತದೆ, 'ಔಟ್' ಸಿಕ್ಕಿಸಿದರೆ ಬೆಂಕಿ ಆರುತ್ತದೆ, 'ಆಫ್' ಸಿಕ್ಕಿಸಿದರೆ ಇವತ್ತಿನ ತಲೆನೋವು ನಾಳೆಗೆ ಹೋಗುತ್ತದೆ.

ಈ ಪುಟ್ ಆಫ್ ಗೊತ್ತಿಲ್ಲದೆ ಒಮ್ಮೆ ಮುಗ್ಗರಿಸಿದ್ದೆ. ಬುಧವಾರದ ಸಭೆಯನ್ನು ಎರಡು ದಿನ ಮುಂದಕ್ಕೆ ಹಾಕಿದ್ದರು. ನಾನು ಕನ್ನಡದಲ್ಲೇ ಯೋಚಿಸಿ 'ಪುಟ್ ಫಾರ್ವರ್ಡ್' ಎಂದು ಲಂಡನ್ನಿಗೆ ಬರೆದೆ. ಅಲ್ಲಿಯವರು ಸೋಮವಾರವೇ ಫೋನಿನ ಮುಂದೆ ಕಾದು ಕೂತರು, ನಾವು ಶುಕ್ರವಾರ ಕೂತೆವು. ನಮಗೆ ನಾಳೆ ಎನ್ನುವುದು ಎದುರಿಗಿದೆ, ಅದಕ್ಕೇ 'ಮುಂದಿನ ವಾರ'. ಅವರಿಗೂ ಎದುರಿಗೇ ಇದೆ; ಆದರೂ ಸಭೆಯನ್ನು ಫಾರ್ವರ್ಡ್ ಮಾಡಿದರೆ ಅದು ಬೇಗ ಬರುತ್ತದೆ, ಪುಷ್ ಬ್ಯಾಕ್ ಮಾಡಿದರೆ ತಡವಾಗುತ್ತದೆ! ಪುಟ್ ಆಫ್ ವಾಸಿ. ಹಿಂದೂ ಇಲ್ಲ ಮುಂದೂ ಇಲ್ಲ, ಸುಮ್ಮನೆ ಆಚೆಗೆ.

ಬಳಸುವಾಗ ಒಂದು ಶಿಸ್ತಿದೆ. 'ಪುಟ್ ಆಫ್ ದ ಮೀಟಿಂಗ್', 'ಪುಟ್ ದ ಮೀಟಿಂಗ್ ಆಫ್' ಎರಡೂ ನಡೆಯುತ್ತವೆ. ಆದರೆ 'ಇಟ್' ಬಂತೋ, ಸ್ಕೂಟರಿನಲ್ಲಿ ಅಪ್ಪ ಅಮ್ಮನ ನಡುವೆ ಕೂರುವ ಮಗುವಿನ ಹಾಗೆ ನಡುವೆಯೇ ಕೂರಬೇಕು: ಪುಟ್ ಇಟ್ ಆಫ್. ಕ್ರಿಯಾಪದ ಬಂದರೆ 'ಪುಟ್ ಆಫ್ ಗೋಯಿಂಗ್' ಎನ್ನಬೇಕು, 'ಟು ಗೋ' ಸಲ್ಲದು.

ಇದನ್ನು ಮೀನಮೇಷ ಎಣಿಸುವುದು ಎಂದು ಅನುವಾದಿಸುವವರನ್ನು ಕಂಡರೆ ನನಗೆ ಸಿಟ್ಟು. ಮೀನಮೇಷದಲ್ಲಿ ಮನಸ್ಸು ಕೊನೆಯ ರಾಶಿಗೂ ಮೊದಲ ರಾಶಿಗೂ ನಡುವೆ ತೂಗಾಡುತ್ತಿರುತ್ತದೆ. ಪುಟ್ ಆಫ್ ಮಾಡುವವನಿಗೆ ಆ ತಳಮಳವಿಲ್ಲ. ಕೆಲಸವನ್ನು ಎತ್ತಿ ಪಕ್ಕಕ್ಕಿಟ್ಟು ಕಾಫಿಗೆ ಹೋಗುತ್ತಾನೆ. ಹತ್ತಿರದ್ದೆಂದರೆ ನಮ್ಮ 'ಮುಂದಕ್ಕೆ ಹಾಕು'. ಈ 'ಹಾಕು' ಏನು ಕಮ್ಮಿಯೇ? ಬೀಗ, ಚೀಟಿ, ಲೆಕ್ಕ, ಹಾರ, ಶಾಪ ಎಲ್ಲವನ್ನೂ ಹಾಕುತ್ತೇವೆ.

ಅದನ್ನೇ ನೋಡೋಣವೆಂದು ಮೊನ್ನೆ ಕಿಟೆಲ್ ಕೋಶ ತೆಗೆದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು. ನನ್ನದು ಮರುಮುದ್ರಣ, ಬೆನ್ನು ಬಿಟ್ಟಿದೆ. ಹಕಾರದ ಹಾಳೆಗಳು ಮಡಿಲಿಗೇ ಉದುರಿದವು. ಬೈಂಡಿಂಗಿಗೆ ಕೊಡಬೇಕು ಎನ್ನುತ್ತಲೇ ಮೂರು ವರ್ಷ ಕಳೆದಿದೆ. ಕೊಟ್ಟರೆ ಒಂದು ವಾರ ರಾತ್ರಿ ಏನು ಓದಲಿ? ಹಾಳೆಗಳನ್ನು ಜೋಡಿಸಿ, ಹಳೆಯದರ ಮೇಲೆ ಇನ್ನೊಂದು ರಬ್ಬರ್ ಬ್ಯಾಂಡ್ ಹಾಕಿದೆ.