ಪುಟಾಣಿಯ ಖಾತೆ ಪುಸ್ತಕ

ಡಿಸೆಂಬರ್ ಕೊನೆಯ ವಾರ ಬೆಂಗಳೂರಿನಿಂದ ಮಗ, ಸೊಸೆ, ಮೊಮ್ಮಗ ಚಿನ್ಮಯ ಐಗಳಿಗೆ ಬಂದಾಗ ಕಾರಿನಿಂದ ಮೊದಲು ಇಳಿದದ್ದು ಒಂದು ರಟ್ಟಿನ ಡಬ್ಬಿ. ಅದರೊಳಗೆ ಹತ್ತಿಯ ಉಂಡೆಯಂಥ ಬಿಳಿ ಮರಿ. ನಮ್ಮ ಕಡೆ ಇಂಥ ನಾಯಿಗೆಲ್ಲ ‘ಪಾಮೇರಿಯನ್’ ಅನ್ನುತ್ತಾರೆ. ಆದರೆ ಇದು ಇಂಡಿಯನ್ ಸ್ಪಿಟ್ಜ್ ಎಂದು ಚಿನ್ಮಯ ನನ್ನನ್ನು ತಿದ್ದಿದ. 1994ರಲ್ಲಿ ಬಂದ ‘ಹಮ್ ಆಪ್ಕೆ ಹೈ ಕೌನ್’ ಸಿನಿಮಾದಲ್ಲಿ ಟಫಿ ಅಂತ ಒಂದು ಬಿಳಿ ನಾಯಿ ಇತ್ತಲ್ಲ, ಅದೇ ಜಾತಿ. ಅಜ್ಜ–ಅಜ್ಜಿಯರಿಗೆ ನೆನಪಿರಬಹುದು.

ಅವರ ಅಪಾರ್ಟ್‌ಮೆಂಟಿನಲ್ಲಿ ಹಗಲು ಹೊತ್ತು ಯಾರೂ ಇರುವುದಿಲ್ಲ. ಮರಿಯನ್ನು ತಂದ ಮೇಲೆ ಅದು ಹೊಳೆಯಿತಂತೆ! ‘ಅಜ್ಜಾ, ನನ್ನ ಪರೀಕ್ಷಾ ಮುಗಿಯೂತನಕ ನೀನ ಇಟ್ಕೊ. ಏಪ್ರಿಲ್‌ದಾಗ ಬರ್ತೀನಿ’ ಎಂದ ಚಿನ್ಮಯ. ಐದನೆಯ ಇಯತ್ತೆಯ ಹುಡುಗ ಕಣ್ಣಲ್ಲಿ ನೀರು ತುಂಬಿಕೊಂಡು ಹೀಗೆ ಕೇಳಿದರೆ ಯಾವ ಅಜ್ಜ ಆಗುವುದಿಲ್ಲ ಅನ್ನುತ್ತಾನೆ? ನನ್ನ ಹೆಂಡತಿ ಮಾತ್ರ ಅನ್ನಬೇಕಾದದ್ದನ್ನು ಅಂದಳು: ‘ಏನ್ರಿ, ಅದು ದೇವರ ಕೋಣ್ಯಾಗ ಕಾಲಿಟ್ಟದಿನಾ ನಾ ಹೊರಗ, ಅದು ಒಳಗ. ನೋಡ್ಕೋರಿ.’ ಮರಿಗೆ ಪುಟಾಣಿ ಎಂದು ಹೆಸರಿಟ್ಟವಳೂ ಅವಳೇ.

ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿದರೆ ಒಂದೂಕಾಲು ಕೆ.ಜಿ. ಬಂತು. ನಾನು ಹುಟ್ಟಿ ಬೆಳೆದ ಮನೆಯಲ್ಲಿ ನಾಯಿ ಇದ್ದವು, ನಿಜ. ಅವು ಹೊಲ ಕಾಯುವ ನಾಯಿಗಳು. ರೊಟ್ಟಿ ಹಾಕಿದರೆ ತಿನ್ನುತ್ತಿದ್ದವು, ಉಳಿದದ್ದನ್ನು ತಾವೇ ನೋಡಿಕೊಳ್ಳುತ್ತಿದ್ದವು. ನಾಯಿ ಅಂದರೆ ನನ್ನ ಕಣ್ಣಿಗೆ ಬರುವುದು ಮುಧೋಳದ ಬೇಟೆನಾಯಿ. ಉದ್ದ ಕಾಲು, ಒಳಸೇರಿದ ಹೊಟ್ಟೆ, ಬಿಟ್ಟರೆ ಬಾಣ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಾಗ ನಾನು ಒಂದು ಕೊಂಡು ಇಟ್ಟಿದ್ದೇನೆ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಆ ತಳಿಗಾಗಿಯೇ ಒಂದು ಸಂಶೋಧನಾ ಕೇಂದ್ರವಿದೆ. ಅಂಥ ನಾಯಿಗಳ ನಾಡಿನಲ್ಲಿ ಅಂಗೈಯಗಲದ ಈ ಮರಿಯನ್ನು ಹಿಡಿದು ಓಣಿಯಲ್ಲಿ ಹೋಗಲು ಮೊದಮೊದಲು ನನಗೆ ನಾಚಿಕೆಯೇ ಆಯಿತು.

ಮೊದಲ ತಪ್ಪು ಹಾಲಿನದು. ಮರಿ ಅಂದಮೇಲೆ ಹಾಲು ಎಂದು ಬಟ್ಟಲು ತುಂಬ ಎಮ್ಮೆ ಹಾಲು ಇಟ್ಟೆ. ಗಟಗಟ ಕುಡಿದು ಬಾಲ ಅಲ್ಲಾಡಿಸಿತು. ಮರುದಿನ ಪಡಸಾಲೆಯ ತುಂಬ ನೀರಿನಂಥ ಭೇದಿ. ಅಥಣಿಯ ಪಶುವೈದ್ಯರ ಬಳಿ ಕರೆದೊಯ್ದಾಗ ಅವರು ತಿಳಿಸಿ ಹೇಳಿದರು. ಹಾಲಿನಲ್ಲಿರುವ ಸಕ್ಕರೆಯ ಅಂಶವನ್ನು ಅರಗಿಸುವ ಶಕ್ತಿ ತಾಯಿಹಾಲು ಬಿಟ್ಟ ಮರಿಗಳಲ್ಲಿ ಕಡಿಮೆಯಾಗುತ್ತ ಹೋಗುತ್ತದೆ. ಮರಿಗಳಿಗೆಂದೇ ಸಿಗುವ ಒಣ ಆಹಾರವನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ ದಿನಕ್ಕೆ ನಾಲ್ಕು ಸಲ ಕೊಡಬೇಕು. ಮನೆಯದೇ ಕೊಡುವುದಿದ್ದರೆ ಮೆತ್ತಗಿನ ಅನ್ನ, ಬೇಯಿಸಿದ ಮೊಟ್ಟೆ. ಉಪ್ಪು, ಖಾರ ಇಲ್ಲ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಬಿದ್ದ ಸಾರು ಬೇಡವೇ ಬೇಡ, ಅವು ನಾಯಿಯ ರಕ್ತವನ್ನೇ ಕೆಡಿಸುತ್ತವೆ.

ಮೊಟ್ಟೆ! ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಮೊಟ್ಟೆ ಒಳಗೆ ಬಂದಿಲ್ಲ. ಎರಡು ದಿನ ಮಾತುಕತೆ ನಡೆದು, ಹಿತ್ತಲಲ್ಲಿ ಮೂರು ಕಲ್ಲಿನ ಒಲೆ ಹೂಡಿ, ಹಳೆಯ ಒಂದು ಅಲ್ಯೂಮಿನಿಯಂ ಪಾತ್ರೆಯನ್ನು ಅದಕ್ಕೇ ಮೀಸಲಿಟ್ಟು ಕೊಡಬಹುದು ಎಂದು ತೀರ್ಮಾನವಾಯಿತು. ಎಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ನಾನು ಮೊಟ್ಟೆ ಬೇಯಿಸುವುದನ್ನು ಕಲಿತೆ.

ಸಣ್ಣ ಜಾತಿಯ ಮರಿಗಳಿಗೆ ಹೊತ್ತುಹೊತ್ತಿಗೆ ಯಾಕೆ ಉಣಿಸಬೇಕು ಎಂಬುದು ಮೊದಲ ವಾರದಲ್ಲೇ ಗೊತ್ತಾಯಿತು. ಒಂದು ರಾತ್ರಿ ಪುಟಾಣಿ ಉಣ್ಣದೆ ಮಲಗಿತು. ಬೆಳಿಗ್ಗೆ ಎತ್ತಿದರೆ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಗಾಬರಿಯಿಂದ ವೈದ್ಯರಿಗೆ ಫೋನ್ ಮಾಡಿದೆ. ‘ಸಕ್ರಿ ನೀರು ಬೆರಳಿಗೆ ಹಚ್ಕೊಂಡು ಒಸಡಿಗೆ ತಿಕ್ಕ್ರಿ, ಆಮ್ಯಾಲೆ ಕರ್ಕೊಂಡ ಬರ್ರಿ’ ಎಂದರು. ಇಷ್ಟು ಪುಟ್ಟ ದೇಹದಲ್ಲಿ ಉಳಿತಾಯ ಕಡಿಮೆ, ಒಂದು ಹೊತ್ತು ತಪ್ಪಿದರೆ ರಕ್ತದಲ್ಲಿನ ಸಕ್ಕರೆ ಇಳಿದುಬಿಡುತ್ತದೆ. ಹತ್ತು ನಿಮಿಷಕ್ಕೆ ಕಣ್ಣು ಬಿಟ್ಟಿತು. ಅಂದು ನನ್ನ ಕೈ ನಡುಗುತ್ತಿದ್ದುದು ನಿಲ್ಲಲು ಅದಕ್ಕಿಂತ ಹೆಚ್ಚು ಹೊತ್ತು ಬೇಕಾಯಿತು.

ಇನ್ನು ಎರಡನೆಯ ತಪ್ಪು. ಇದನ್ನು ಹೇಳಲು ಸಂಕೋಚ, ಆದರೂ ಹೇಳುತ್ತೇನೆ. ಮರಿ ಮನೆಯೊಳಗೆ ಉಚ್ಚೆ ಹೊಯ್ದರೆ ಅದರ ಮೂತಿಯನ್ನು ಅದರಲ್ಲೇ ತಿಕ್ಕಿ, ಪೇಪರಿನ ಸುರುಳಿಯಿಂದ ಎರಡು ಹಾಕಬೇಕು ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ನಾನೂ ಹಾಗೆಯೇ ಮಾಡಿದೆ. ನಾಲ್ಕು ದಿನ ಮಾಡಿದೆ. ಐದನೆಯ ದಿನದಿಂದ ಪಡಸಾಲೆ ಒಣಗಿತು. ನಾನು ಹಿಗ್ಗಿದೆ. ಹೆಂಡತಿ ಕಸ ಹೊಡೆಯುವಾಗ ಗೊತ್ತಾಯಿತು, ಅದು ಜೋಳದ ಚೀಲಗಳ ಹಿಂದೆ ಹೋಗಿ ಮಾಡುತ್ತಿತ್ತು. ನಾನು ಕಂಡರೆ ಕಿವಿ ಮಡಚಿ ಮಂಚದ ಕೆಳಗೆ ನುಸುಳುತ್ತಿತ್ತು. ‘ಒಳಗೆ ಮಾಡಬಾರದು’ ಎಂದು ಕಲಿಸಲು ಹೋದ ನಾನು ‘ಅಜ್ಜನ ಎದುರು ಮಾಡಬಾರದು’ ಎಂದು ಕಲಿಸಿದ್ದೆ.

ವೈದ್ಯರು ನಕ್ಕರು. ‘ಸರ್, ನೀವು ಬ್ಯಾಂಕಿನವರು. ಅದು ಯಾವಾಗ ತಿಂತು, ಯಾವಾಗ ಎದ್ದತು, ಯಾವಾಗ ಮಾಡ್ತು ಅಂತ ಬರದ ನೋಡ್ರಿ’ ಎಂದರು. ಮನೆಗೆ ಬಂದು ಇನ್ನೂರು ಪುಟದ ನೋಟ್‌ಬುಕ್ಕಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ವೇಳೆ, ತಿಂದದ್ದು, ಎದ್ದದ್ದು, ಹೊರಗೆ, ಒಳಗೆ. ಮೊದಲ ದಿನದ ಲೆಕ್ಕ: ಹೊರಗೆ 2, ಒಳಗೆ 9. ಮೂವತ್ತಾರು ವರ್ಷದ ನೌಕರಿಯಲ್ಲಿ ಇಷ್ಟು ಕೆಟ್ಟ ಬಾಕಿಯನ್ನು ನಾನು ನೋಡಿರಲಿಲ್ಲ.

ಮೂರು ದಿನ ಬರೆದ ಮೇಲೆ ಅಂಕಿಗಳು ತಾವೇ ಮಾತಾಡಿದವು. ಉಂಡ ಹದಿನೈದು–ಇಪ್ಪತ್ತು ನಿಮಿಷದೊಳಗೆ ಒಂದು ಸಲ. ನಿದ್ದೆಯಿಂದ ಎದ್ದ ಕೂಡಲೇ ಒಂದು ಸಲ. ಆಟ ಆಡಿ ದಣಿದ ಮೇಲೆ ಒಂದು ಸಲ. ನೆಲ ಮೂಸುತ್ತ ಸುತ್ತು ತಿರುಗತೊಡಗಿದರೆ ಅರ್ಧ ನಿಮಿಷದ ನೋಟಿಸು! ಎರಡು ತಿಂಗಳ ಮರಿ ಹೆಚ್ಚೆಂದರೆ ಎರಡು–ಮೂರು ತಾಸು ತಡೆಯಬಲ್ಲದು, ಸಣ್ಣ ಜಾತಿಯಾದರೆ ಅದಕ್ಕಿಂತ ಕಡಿಮೆ. ಆ ಹೊತ್ತುಗಳಿಗೆ ಸರಿಯಾಗಿ ನಾನೇ ಎತ್ತಿಕೊಂಡು ಹಿತ್ತಲ ಬೇವಿನ ಗಿಡದ ಬುಡಕ್ಕೆ ಬಿಡತೊಡಗಿದೆ. ದಿನವೂ ಅದೇ ಜಾಗ, ಅದೇ ಮಾತು: ‘ಹೊರಗ, ಪುಟಾಣಿ, ಹೊರಗ.’ ಮಾಡಿದ ಕೂಡಲೇ ‘ಶಾಣ್ಯಾ!’ ಎಂದು ಬೆನ್ನು ಸವರಿ, ಶೇಂಗಾ ಕಾಳಿನಷ್ಟು ಮೊಟ್ಟೆಯ ತುಣುಕು. ಬಹುಮಾನ ಅಲ್ಲೇ ಆಗಲೇ ಕೊಡಬೇಕು. ಒಳಗೆ ಬಂದ ಮೇಲೆ ಕೊಟ್ಟರೆ ‘ಒಳಗೆ ಬಂದದ್ದಕ್ಕೆ ಕೊಟ್ಟರು’ ಎಂದು ಅದು ಜಮಾ ಮಾಡಿಕೊಳ್ಳುತ್ತದೆ.

ರಾತ್ರಿಯೂ ಎರಡು ಸಲ ಹೊರಗೆ ಬಿಡಬೇಕಿತ್ತು. ಮಗ ಫೋನಿನಲ್ಲಿ ‘ಅಲಾರಂ ಇಟ್ಕೋರಿ ಅಪ್ಪಾ’ ಎಂದ. ಎಪ್ಪತ್ತು ದಾಟಿದ ಗಂಡಸಿಗೆ ಈ ಕೆಲಸಕ್ಕೆ ಅಲಾರಂ ಬೇಕೇ? ನಾನು ಏಳುತ್ತಿದ್ದ ಹೊತ್ತಿಗೆ ಅದನ್ನೂ ಎಬ್ಬಿಸಿದೆ, ಇಬ್ಬರದೂ ಮುಗಿಯಿತು.

ಒಳಗೆ ಮಾಡಿದ ಜಾಗ ಒರೆಸಲು ಫಿನೈಲ್ ಹಾಕುತ್ತಿದ್ದೆವು. ಅದು ಮರಿಗೆ ಒಳ್ಳೆಯದಲ್ಲ, ನೆಲ ನೆಕ್ಕುತ್ತದೆ ಎಂದು ವೈದ್ಯರು ಬಿಡಿಸಿದರು. ಈಗ ನೀರಿಗೆ ವಿನೆಗರ್ ಬೆರೆಸಿ ಒರೆಸುತ್ತೇವೆ. ಹಳೆಯ ವಾಸನೆ ಉಳಿದರೆ ಅದೇ ಜಾಗಕ್ಕೆ ಮತ್ತೆ ಬರುತ್ತದೆಯಂತೆ. ಜನವರಿ ಕೊನೆಗೆ ಹೊರಗೆ 8, ಒಳಗೆ 2. ಫೆಬ್ರುವರಿ ಮಧ್ಯದಲ್ಲಿ ಒಂದು ದಿನ ‘ಒಳಗೆ’ ಕಾಲಂನಲ್ಲಿ ಸೊನ್ನೆ ಬರೆದೆ. ಸಂಜೆ ಚಿನ್ಮಯ ಎಂದಿನಂತೆ ಫೋನ್ ಮಾಡಿ ‘ಅಜ್ಜಾ, ಇವತ್ತ ಎಷ್ಟ?’ ಎಂದ. ‘ಸೊನ್ನಿ!’ ಎಂದೆ. ಅತ್ತ ಕಡೆ ಅವನು ಕುಣಿದ ಸದ್ದು ಕೇಳಿಸಿತು.

ಮಾರ್ಚಿ ಬಂತು. ನಮ್ಮ ಕಡೆ ಅದು ಒಣದ್ರಾಕ್ಷಿಯ ಕಾಲ. ಹೊಲಗಳಲ್ಲಿ ಸಾಲು ಶೆಡ್ಡು, ಬಲೆಯ ಮೇಲೆ ಬಲೆ, ದ್ರಾವಣದಲ್ಲಿ ಅದ್ದಿ ಹರವಿದ ಗೊಂಚಲು ಎರಡು ವಾರದಲ್ಲಿ ಮನೂಕ ಆಗುತ್ತದೆ. ಪರಿಚಯದ ರೈತರು ಹೊಸ ಮಾಲಿನ ಪುಡಿಕೆ ಕಳಿಸದ ಮನೆ ಇಲ್ಲ. ಒಂದು ಸಂಜೆ ಐದೂವರೆಗೆ ನಾನು ಕಟ್ಟೆಯ ಮೇಲೆ ಕೂತು ತಿನ್ನುತ್ತಿದ್ದೆ. ಎರಡು ಕೆಳಗೆ ಬಿದ್ದವು, ಪುಟಾಣಿ ಗಬಕ್ಕನೆ ತಿಂದಿತು. ಐಗಳಿಯ ನಾಯಿ ಮನೂಕ ತಿನ್ನದೆ ಇರುತ್ತದೆಯೇ ಎಂದು ನಗು ಬಂತು. ಮತ್ತೊಂದು ಹಿಡಿ ತೆಗೆದು ಅಂಗೈಯಲ್ಲೇ ಹಿಡಿದೆ.

ಆರಕ್ಕೆ ಚಿನ್ಮಯನ ಫೋನ್. ‘ನಿನ್ನ ಪುಟಾಣಿ ಇವತ್ತ ಮನೂಕ ತಿಂತು ನೋಡಪಾ’ ಎಂದೆ. ಅವನ ದನಿಯೇ ಬದಲಾಯಿತು. ‘ಅಜ್ಜಾ! ದ್ರಾಕ್ಷಿ ನಾಯಿಗೆ ವಿಷ! ನಾ ಓದೇನಿ. ಈಗ ಡಾಕ್ಟರ್ ಕಡೆ ಒಯ್ಯಿ, ಈಗ!’ ನನಗೆ ನಂಬಿಕೆ ಬರಲಿಲ್ಲ. ಆದರೂ ವೈದ್ಯರಿಗೆ ಫೋನ್ ಮಾಡಿದೆ. ಅವರು ಒಂದೇ ಮಾತು ಹೇಳಿದರು: ‘ಹುಡುಗ ಹೇಳೂದು ಖರೆ. ಲಗೂನ ಬರ್ರಿ.’

ಪಕ್ಕದ ಮನೆಯ ಹುಡುಗನ ಬೈಕಿನ ಹಿಂದೆ, ಮರಿಯನ್ನು ಶಾಲಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಅಥಣಿ ಮುಟ್ಟಿದಾಗ ಏಳು ಗಂಟೆ. ತಿಂದು ಎರಡು ತಾಸಿನೊಳಗೆ ಬಂದಿರಿ, ಒಳ್ಳೆಯದಾಯಿತು ಎಂದು ವಾಂತಿಯಾಗುವ ಇಂಜೆಕ್ಷನ್ ಕೊಟ್ಟರು. ಟ್ರೇಯಲ್ಲಿ ಬಿದ್ದವನ್ನು ನಾನು ಎಣಿಸಿದೆ. ಹದಿನೇಳು. ಎಣಿಸುವುದು ಬಿಟ್ಟು ಬೇರೆ ಏನು ಮಾಡಬೇಕೋ ನನಗೆ ತಿಳಿಯಲಿಲ್ಲ. ಸಲೈನ್ ಹಚ್ಚುತ್ತ ವೈದ್ಯರು ಹೇಳಿದರು: ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲವು. ಒಂದು ನಾಯಿ ಬಹಳ ತಿಂದು ಬದುಕುತ್ತದೆ, ಇನ್ನೊಂದು ನಾಲ್ಕು ತಿಂದು ಸಾಯುತ್ತದೆ. ಇಷ್ಟು ತಿಂದರೆ ಅಡ್ಡಿಯಿಲ್ಲ ಎಂಬ ಲೆಕ್ಕ ಇಲ್ಲ. ಪಶುವೈದ್ಯರ ಪತ್ರಿಕೆಯಲ್ಲಿ ಈ ವಿಷಯ ಬಂದದ್ದೇ 2001ರಲ್ಲಿ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು ಈಚೆಗೆ ಸಂಶಯ ಪಡುತ್ತಿದ್ದಾರೆ. ಅದು ಹುಣಸೆಹಣ್ಣಿನಲ್ಲೂ ಇದೆ, ಸಾರು–ಗೊಜ್ಜು ಹಾಕಬೇಡಿ ಎಂದರು.

ಆ ರಾತ್ರಿ ನನಗೆ ಕಾಳ್ಯಾ ನೆನಪಾದ. ಅಣ್ಣನ ಹೊಲದ ಶೆಡ್ಡು ಕಾಯುತ್ತಿದ್ದ ನಾಯಿ. ಬಲೆಯಿಂದ ಉದುರಿದ ಮನೂಕ ತಿಂದುಕೊಂಡು ಇರುತ್ತಿದ್ದ. ಒಂದು ಬೇಸಿಗೆ ಎರಡು ದಿನ ವಾಂತಿ ಮಾಡಿಕೊಂಡು, ನೀರು ಬಿಟ್ಟು, ಮೂರನೆಯ ದಿನ ಸತ್ತ. ಹಾವು ಮುಟ್ಟಿರಬೇಕು ಎಂದುಕೊಂಡು ಬದುವಿನ ಮೇಲೆ ಹುಗಿದೆವು. ಹಾವೇ ಇದ್ದಿರಬಹುದು. ಈಗ ಕೇಳುವುದು ಯಾರನ್ನು?

ಎರಡು ದಿನ ಸಲೈನ್, ಮೂರನೆಯ ದಿನ ರಕ್ತ ಪರೀಕ್ಷೆ. ಮೂತ್ರಪಿಂಡ ಸರಿಯಾಗಿದೆ ಎಂದಾಯಿತು. ಮನೆಗೆ ಬಂದ ಪುಟಾಣಿ ಸೀದಾ ಬೇವಿನ ಗಿಡದ ಬುಡಕ್ಕೆ ಓಡಿತು. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ‘ಶಾಣ್ಯಾ!’ ಎಂದು ಕೂಗಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊತ್ತು ಮುಳುಗುವ ಮೊದಲೇ ಮನೆಯ ಮನೂಕವೆಲ್ಲ ಗಾಜಿನ ಬರಣಿ ಸೇರಿ, ಬರಣಿ ದೇವರ ಕೋಣೆಯ ಮೇಲಿನ ಮಾಡ ಸೇರಿತ್ತು.

ಚಿನ್ಮಯನಿಗೆ ಫೋನಿನಲ್ಲಿ ನಾನು ಹೇಳಿದ್ದು ‘ಕೆಳಗ ಬಿದ್ದದ್ದು ತಿಂತು’ ಎಂದು ಮಾತ್ರ. ಕೈಯಾರೆ ಕೊಟ್ಟದ್ದನ್ನು ಹೇಳಲು ಬಾಯಿ ಬರಲಿಲ್ಲ. ಪುಸ್ತಕದಲ್ಲಿ ಸುಳ್ಳು ಬರೆಯುವುದು ಮಾತ್ರ ಈ ಕೈಗೆ ಬಾರದು. ಅಂದಿನ ಪುಟದಲ್ಲಿ ಹೀಗಿದೆ: ‘ಸಂಜೆ 5.30. ಒಣದ್ರಾಕ್ಷಿ. ನೆಲದಿಂದ 2, ಉಳಿದವು ಕೊಟ್ಟವರು: ನಾನು.’

ಏಪ್ರಿಲ್‌ನಲ್ಲಿ ಚಿನ್ಮಯ ಬಂದ. ಪುಟಾಣಿ ಅವನನ್ನು ಮೂಸಿ, ಅನುಮಾನಿಸಿ, ಆಮೇಲೆ ಅವನ ಬೂಟಿನ ಲೇಸು ಕಚ್ಚಿ ಎಳೆಯಿತು. ಮಧ್ಯಾಹ್ನ ಅವನು ಖಾತೆ ಪುಸ್ತಕ ಹಿಡಿದು ಮೊದಲ ಪುಟದಿಂದ ಓದುತ್ತ ಕೂತ. ನಾನು ಪೇಪರ್ ಮುಖಕ್ಕೆ ಹಿಡಿದುಕೊಂಡಿದ್ದೆ, ಒಂದಕ್ಷರವೂ ಓದಲಿಲ್ಲ. ಹಾಳೆ ಮಗುಚುವ ಸದ್ದು ಒಂದು ಕಡೆ ನಿಂತಿತು. ಬಹಳ ಹೊತ್ತು ನಿಂತಿತು.

‘ಅಜ್ಜಾ, ಬ್ಯಾಂಕಿನ್ಯಾಗ ಹಿಂಗ ಬರದ ಮ್ಯಾಲೆ ಏನ ಮಾಡ್ತಿದ್ರಿ?’

‘ಆಫೀಸರ್ ನೋಡಿ ಸಹಿ ಮಾಡ್ತಿದ್ರಪಾ.’

ಅವನು ನನ್ನ ಕಿಸೆಯಿಂದ ಪೆನ್ನು ತೆಗೆದುಕೊಂಡ. ಆ ಪುಟದ ಕೆಳಗೆ ತನ್ನ ಹೆಸರು ಪೂರ್ತಿ ಬರೆದು, ತಾರೀಖು ಹಾಕಿದ. ಅಷ್ಟರಲ್ಲಿ ಪುಟಾಣಿ ಹಿತ್ತಲ ಬಾಗಿಲನ್ನು ಕೆರೆಯತೊಡಗಿತ್ತು.